ಮುಯ್ಯಿಯ ಭಯ, ಮುಚ್ಚಿದ ಬಾಯಿ

ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರು ಅದನ್ನು ತಿರುಗಿಸಿ ನೋಡುತ್ತಾರೆ. ಹುಳುಕು ಕಂಡರೆ ಪಕ್ಕದ ಗುಡ್ಡೆಗೆ ಹೋಗುತ್ತಾರೆ. ಅಂತರಜಾಲದ ಪೇಟೆಯಲ್ಲಿ ಕೈಗೆ ಆ ಕೆಲಸವಿಲ್ಲ. ಮೊದಲು ಹಣ ಹೋಗುತ್ತದೆ, ಸಾಮಾನು ಆಮೇಲೆ ಬರುತ್ತದೆ. ಸರಕಿನ ಗುಣ ಕೊಳ್ಳುವವರಿಗೆ ತಿಳಿಯದೆ ಹೋದಾಗ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಮೋಸ ಹೋಗುವ ಅಂಜಿಕೆಯಿಂದ ಕೊಳ್ಳುವವರು ಎಲ್ಲ ಕಾರಿಗೂ ಬೆಲೆ ಇಳಿಸಿ ಕೇಳುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲೊಲ್ಲರು. ಕೊನೆಗೆ ಪೇಟೆಯಲ್ಲಿ ಕಳಪೆಯೇ ಉಳಿಯುತ್ತದೆ.

1995ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಿಯರ್ ಒಮಿಡ್ಯಾರ್ ಹರಾಜಿನ ಜಾಲತಾಣವೊಂದನ್ನು ಶುರು ಮಾಡಿದರು. ಮುಂದೆ ಇಬೇ ಎಂದು ಹೆಸರಾದ ಪೇಟೆ ಅದು. ಅಪರಿಚಿತರ ನಡುವಿನ ಈ ವ್ಯಾಪಾರ ಅಕರ್ಲಾಫ್ ಹೇಳಿದ ದಾರಿಯನ್ನೇ ಹಿಡಿಯಬೇಕಿತ್ತು. ಹಿಡಿಯದಿದ್ದುದಕ್ಕೆ ಮುಖ್ಯ ಕಾರಣ, 1996ರ ಫೆಬ್ರವರಿಯಲ್ಲಿ ಸೇರಿಸಿದ ಒಂದು ಸರಳ ಏರ್ಪಾಡು. ವ್ಯಾಪಾರ ಮುಗಿದ ಮೇಲೆ ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಒಳ್ಳೆಯದು, ಕೆಟ್ಟದ್ದು, ಎರಡೂ ಅಲ್ಲ ಎಂದು ಬರೆದಿಡಬಹುದಿತ್ತು. ಇದೇ ಫೀಡ್‌ಬ್ಯಾಕ್.

ಈ ಬರಹಕ್ಕೆ ನಿಜಕ್ಕೂ ಬೆಲೆಯಿದೆಯೇ ಎಂದು ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಒರೆಗೆ ಹಚ್ಚಿದರು. ಹಳೆಯ ಪೋಸ್ಟ್‌ಕಾರ್ಡುಗಳನ್ನು ಮಾರುವ ಅನುಭವಿ ವ್ಯಾಪಾರಿಯೊಬ್ಬರು ಒಂದೇ ತರಹದ ಕಾರ್ಡುಗಳನ್ನು ಕೆಲವು ಸಲ ತಮ್ಮ ಹಳೆಯ ಖಾತೆಯಿಂದ, ಕೆಲವು ಸಲ ಹೊಸದಾಗಿ ತೆರೆದ ಖಾತೆಗಳಿಂದ ಹರಾಜಿಗಿಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆಸರು ಗಳಿಸಿದ್ದ ಖಾತೆಗೆ ಜನ ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಕೆಟ್ಟ ಹೆಸರಿನ ಏಟು ಇದಕ್ಕಿಂತ ಜೋರು. ಲೂಯಿಸ್ ಕಾಬ್ರಾಲ್ ಮತ್ತು ಅಲಿ ಹೊರ್ತಚ್ಸು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಶೇ. 5ರ ದರದಲ್ಲಿ ಏರುತ್ತಿದ್ದ ವ್ಯಾಪಾರ ಮೊದಲ ಕೆಟ್ಟ ಅಭಿಪ್ರಾಯ ಬಿದ್ದ ಮೇಲೆ ಶೇ. 8ರ ದರದಲ್ಲಿ ಇಳಿಯತೊಡಗಿತ್ತು.

ಇಷ್ಟು ಬೆಲೆಬಾಳುವ ಮಾತು ನಿಜವಾಗಿರಬೇಕಲ್ಲವೇ? ತೊಡಕು ಇರುವುದೇ ಇಲ್ಲಿ. ರೆಸ್ನಿಕ್ ಮತ್ತು ರಿಚರ್ಡ್ ಜೆಕ್‌ಹೌಸರ್ 1999ರ ವ್ಯವಹಾರಗಳನ್ನು ಪರಿಶೀಲಿಸಿದಾಗ, ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಶೇ. 99ಕ್ಕೂ ಹೆಚ್ಚು ಹೊಗಳಿಕೆಯೇ ಆಗಿತ್ತು. ಲಕ್ಷಾಂತರ ಅಪರಿಚಿತರ ವ್ಯವಹಾರದಲ್ಲಿ ಇಷ್ಟೊಂದು ಸಂತೃಪ್ತಿ ಇರಲಾರದು. ಹೊಗಳಿಕೆಯ ಹಿಂದೆ ಕೆಲಸ ಮಾಡುತ್ತಿದ್ದುದು ಮುಯ್ಯಿಯ ಲೆಕ್ಕ. ನೀನು ಒಳ್ಳೆಯದು ಬರೆದರೆ ನಾನೂ ಒಳ್ಳೆಯದು ಬರೆಯುತ್ತೇನೆ, ಕೆಟ್ಟದ್ದು ಬರೆದರೆ ನಿನಗೂ ಅದೇ ಗತಿ ಎಂಬ ಮಾತು ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಹಣ ಕೈಸೇರಿದ ಕೂಡಲೇ ಕೊಂಡವರ ಬಗ್ಗೆ ಬರೆದು ಮುಗಿಸಬಹುದಾಗಿದ್ದ ಅನೇಕ ಮಾರಾಟಗಾರರು, ಮೊದಲು ಅವರು ಬರೆಯಲಿ ಎಂದು ಕಾಯುತ್ತಿದ್ದರು. ಒಡೆದ ಪಿಂಗಾಣಿ ಬಂದವರೂ ತಮ್ಮ ಖಾತೆಗೆ ಮಸಿ ಹತ್ತೀತೆಂದು ಸುಮ್ಮನಾಗುತ್ತಿದ್ದರು. ಇಬ್ಬರೂ ಒಪ್ಪಿದರೆ ಪರಸ್ಪರ ಕೆಟ್ಟ ಅಭಿಪ್ರಾಯಗಳನ್ನು ಹಿಂಪಡೆಯುವ ಅವಕಾಶವೂ ಇತ್ತು. ರಾಜಿಗೆಂದು ಇಟ್ಟ ಈ ಅವಕಾಶ ಒತ್ತಡದ ಸಾಧನವಾಯಿತು. ಮೋಸ ಮಾಡಿದವರು ಮೊದಲು ತಿರುಗಿ ಹೊಡೆದು, ನೀವು ಹಿಂತೆಗೆದುಕೊಂಡರೆ ನಾವೂ ಹಿಂತೆಗೆದುಕೊಳ್ಳುತ್ತೇವೆ ಎನ್ನುತ್ತಿದ್ದರು. ಮುಂದೆ ಬರುವ ಗಿರಾಕಿಗೆ ಕಾಣುವುದು ತೊಳೆದಿಟ್ಟ ದಾಖಲೆ.

2007ರಲ್ಲಿ ಇಬೇ, ಕೊಂಡವರು ಸ್ಟಾರ್ ಕೊಡುವ ಇನ್ನೊಂದು ಅಳತೆ ಸೇರಿಸಿತು. ಸಾಮಾನು ವಿವರಣೆಯಂತಿತ್ತೇ, ಮಾತುಕತೆ ಹೇಗಿತ್ತು, ಎಷ್ಟು ಬೇಗ ಕಳಿಸಿದರು, ಸಾಗಣೆಯ ವೆಚ್ಚ ನ್ಯಾಯವಾಗಿತ್ತೇ ಎಂಬ ನಾಲ್ಕು ಪ್ರಶ್ನೆಗಳು. ಯಾರು ಎಷ್ಟು ಕೊಟ್ಟರೆಂಬುದು ಮಾರಿದವರಿಗೆ ಕಾಣುತ್ತಿರಲಿಲ್ಲ. 2008ರ ಮೇ ತಿಂಗಳಲ್ಲಿ ದೊಡ್ಡ ಹೆಜ್ಜೆ ಬಂತು. ಅಂದಿನಿಂದ ಮಾರಾಟಗಾರರು ಕೊಂಡವರ ಬಗ್ಗೆ ಒಳ್ಳೆಯದನ್ನು ಬರೆಯಬಹುದು, ಇಲ್ಲವೇ ಏನನ್ನೂ ಬರೆಯದಿರಬಹುದು. ಈ ಬದಲಾವಣೆ ಪ್ರಕಟವಾದ ಬೆನ್ನಲ್ಲೇ, ಫೆಬ್ರವರಿಯಲ್ಲಿ, ಸಿಟ್ಟಿಗೆದ್ದ ಮಾರಾಟಗಾರರು ಒಂದು ವಾರ ಇಬೇಯನ್ನು ಬಹಿಷ್ಕರಿಸಿದ್ದರು.

ಹೊಸ ನಿಯಮದಿಂದ ಕೊಳ್ಳುವವರಿಗೆ ಲಾಭವಾಯಿತೇ? ಟೋಬಿಯಾಸ್ ಕ್ಲೈನ್, ಕ್ರಿಸ್ಟಿಯಾನ್ ಲಾಂಬರ್ಟ್ಸ್, ಕೊನ್ರಾಡ್ ಸ್ಟಾಲ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಜಾಣತನದ ದಾರಿ ಹುಡುಕಿದರು. ಬಹಿರಂಗ ಅಭಿಪ್ರಾಯಗಳನ್ನು ಹೋಲಿಸಿ ಪ್ರಯೋಜನವಿಲ್ಲ, ಏಕೆಂದರೆ ಅವನ್ನು ಬರೆಯುವ ಧೈರ್ಯವೇ ನಡುವೆ ಬದಲಾಗಿದೆ. ಗುಟ್ಟಾಗಿ ಕೊಡುತ್ತಿದ್ದ ಸ್ಟಾರ್‌ಗಳಿಗೆ 2008ಕ್ಕೆ ಮೊದಲೂ ಮುಯ್ಯಿಯ ಭಯವಿರಲಿಲ್ಲ, ಆಮೇಲೂ ಇರಲಿಲ್ಲ. ಹಾಗಾಗಿ ಅವು ನಂಬಬಹುದಾದ ಅಳತೆಗೋಲು. ಆ ಸ್ಟಾರ್‌ಗಳು ಏರಿದ್ದವು. ಪೇಟೆ ಬಿಟ್ಟು ಹೋದ ಮಾರಾಟಗಾರರ ಪ್ರಮಾಣ ಮಾತ್ರ ಹೆಚ್ಚಿರಲಿಲ್ಲ. ಇದ್ದ ವ್ಯಾಪಾರಿಗಳೇ ಹೆಚ್ಚು ಜಾಗ್ರತೆಯಿಂದ ವಿವರಣೆ ಬರೆದು, ಹೆಚ್ಚು ಮುತುವರ್ಜಿಯಿಂದ ಸಾಮಾನು ಕಳಿಸತೊಡಗಿದ್ದರು ಎಂಬುದು ಅವರ ತೀರ್ಮಾನ. ನಿಯಮದ ಒಂದು ಸಾಲು ಬದಲಾಗಿ, ಅದೇ ಜನರ ನಡತೆ ಸುಧಾರಿಸಿತು ಎಂಬುದು ನನಗಂತೂ ಬಹಳ ಭರವಸೆಯ ಸಂಗತಿ.

ಆದರೂ ಮಾರಾಟಗಾರರ ಅಳಲನ್ನು ತಳ್ಳಿಹಾಕುವುದು ಅನ್ಯಾಯ. ಅರ್ಧ ಹಣ ವಾಪಸ್ ಮಾಡಿ, ಇಲ್ಲದಿದ್ದರೆ ಕೆಟ್ಟದಾಗಿ ಬರೆಯುತ್ತೇನೆ ಎಂದು ಹೆದರಿಸುವ ಗಿರಾಕಿಯ ಬಗ್ಗೆ ಬೇರೆ ವ್ಯಾಪಾರಿಗಳನ್ನು ಎಚ್ಚರಿಸುವ ದಾರಿ ಅವರಿಗೆ ಮುಚ್ಚಿಹೋಯಿತು. ಇಂಥ ಬೆದರಿಕೆಯನ್ನು ಇಬೇ ನಿಷೇಧಿಸಿದೆ, ಹಣ ಕೊಡದವರ ಅಭಿಪ್ರಾಯವನ್ನು ತೆಗೆಯುವ ವ್ಯವಸ್ಥೆಯೂ ಇದೆ. ಆದರೆ ದೂರು ಕೊಟ್ಟು ರುಜುವಾತುಪಡಿಸುವ ಹೊರೆ ವ್ಯಾಪಾರಿಯದು. ಸ್ಟಾರ್‌ಗಳ ಕಥೆ ಇನ್ನೂ ಕಷ್ಟ. ಐದಕ್ಕೆ ನಾಲ್ಕು ಕೊಟ್ಟವರು ಮೆಚ್ಚಿಕೊಂಡೇ ಕೊಟ್ಟಿರುತ್ತಾರೆ. ಮಾರಿದವರಿಗೆ ಅದು ಹುಡುಕಾಟದ ಪಟ್ಟಿಯಲ್ಲಿ ಕೆಳಗಿಳಿಯುವ ಭಯ. ದಿನಕ್ಕೆ ನೂರಾರು ಪೊಟ್ಟಣ ಕಳಿಸುವ ದೊಡ್ಡ ಅಂಗಡಿ ಒಂದು ಏಟನ್ನು ತಾಳಿಕೊಳ್ಳುತ್ತದೆ. ತಿಂಗಳಿಗೆ ಹತ್ತು ಸಾಮಾನು ಮಾರುವವರ ಸರಾಸರಿ ಒಂದೇ ಮಾತಿಗೆ ಕುಸಿಯುತ್ತದೆ. ನಮ್ಮಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್‌ಗಳಲ್ಲಿ ಸ್ಟಾರ್ ಕೊಡುವುದು ಕೊಂಡವರು, ಪಡೆಯುವುದು ಮಾರಿದವರು. ನಾಲ್ಕು ಸೀರೆ ಮಾರಾಟಕ್ಕಿಟ್ಟ ಮನೆಗೂ ಇದೇ ತಕ್ಕಡಿ.

ಎರಡೂ ಕಡೆಯವರಿಗೆ ಬಾಯಿ ಕೊಟ್ಟು ಭಯವನ್ನಷ್ಟೇ ತೆಗೆಯುವ ಉಪಾಯ ಇದೆ. ಇಬ್ಬರೂ ಬರೆದು ಮುಗಿಸುವವರೆಗೆ ಯಾರ ಮಾತೂ ಯಾರಿಗೂ ಕಾಣದಂತೆ ಇಟ್ಟರೆ, ತಿರುಗಿ ಹೊಡೆಯಲು ಎಡೆಯೇ ಇರುವುದಿಲ್ಲ. ಮನೆ, ಕೋಣೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಿಂದ ಹೀಗೆಯೇ ನಡೆಸುತ್ತಿದೆ. ಅಲ್ಲಿ ಬರೆಯಲು 14 ದಿನಗಳ ಅವಧಿ. ಇಬ್ಬರೂ ಬರೆದ ಮೇಲೆ, ಇಲ್ಲವೇ ಅವಧಿ ಮುಗಿದ ಮೇಲಷ್ಟೇ ಪ್ರಕಟಣೆ. ಇಬೇ 2008ರಲ್ಲಿ ಈ ದಾರಿ ಹಿಡಿದಿದ್ದರೆ ವ್ಯಾಪಾರಿಗಳ ಬಾಯಿ ಕಟ್ಟುವ ಅಗತ್ಯ ಬೀಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನುಳಿದದ್ದು ಏನೂ ಬರೆಯದವರ ಮಾತು. ಬೇಸರಗೊಂಡವರಲ್ಲಿ ಹಲವರು ಜಗಳಕ್ಕೆ ನಿಲ್ಲುವುದಿಲ್ಲ, ಸುಮ್ಮನೆ ಹೊರಟುಹೋಗುತ್ತಾರೆ. ಹೋಗುವಾಗ ಆ ಒಬ್ಬ ವ್ಯಾಪಾರಿಯನ್ನಷ್ಟೇ ಅಲ್ಲ, ಇಡೀ ಪೇಟೆಯನ್ನು ಬಿಡುತ್ತಾರೆ, ನಷ್ಟ ಪ್ರಾಮಾಣಿಕ ವ್ಯಾಪಾರಿಗಳಿಗೂ ತಟ್ಟುತ್ತದೆ. ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಡೆಲಿಸ್ ಈ ಮೌನವನ್ನೇ ಲೆಕ್ಕಕ್ಕೆ ತಂದರು. ಹೊಗಳಿಕೆಯನ್ನು ಬಂದ ಅಭಿಪ್ರಾಯಗಳ ಸಂಖ್ಯೆಯಿಂದ ಭಾಗಿಸುವ ಬದಲು, ನಡೆದ ಒಟ್ಟು ವ್ಯವಹಾರಗಳಿಂದ ಭಾಗಿಸಿದರು. ಆಗ ಶೇ. 99ರ ಗುಂಪಿನಲ್ಲಿ ಒಂದೇ ಬಣ್ಣವಾಗಿ ಕಾಣುತ್ತಿದ್ದ ಮಾರಾಟಗಾರರ ನಡುವೆ ಅಂತರ ತೆರೆದುಕೊಂಡಿತು. ಇಬೇಯ ಹುಡುಕಾಟದಲ್ಲಿ ಈ ಹೊಸ ಲೆಕ್ಕದಂತೆ ಮೇಲ್ಮಟ್ಟದ ಮಾರಾಟಗಾರರನ್ನು ಮುಂದೆ ತಂದು ನೋಡಿದಾಗ, ಅವರನ್ನು ಕಂಡ ಗಿರಾಕಿಗಳು ಮತ್ತೆ ಬಂದು ಕೊಳ್ಳುವುದು ಹೆಚ್ಚಿತು.