ಚುಕ್ಕಿ ಬಿಟ್ಟು ಗೆರೆ ಹಿಡಿದ ಐಕಾನ್

ಬ್ರೌಸರಿನಲ್ಲಿ ಒಟ್ಟಿಗೆ 20 ಟ್ಯಾಬ್ ತೆರೆದಿಟ್ಟುಕೊಂಡವರು ಯಾವುದರ ಹೆಸರನ್ನೂ ಓದುವುದಿಲ್ಲ. ಓದೋಣವೆಂದರೆ ಹೆಸರಿಗೆ ಜಾಗವೇ ಉಳಿದಿರುವುದಿಲ್ಲ. ಮೂಲೆಯ ಪುಟಾಣಿ ಚಿತ್ರ ನೋಡಿಯೇ ಇದು ಮೇಲ್, ಇದು ಬ್ಯಾಂಕು ಎಂದು ಗುರುತು ಹಿಡಿಯಬೇಕು. ಆ ಚಿತ್ರವೇ ಫೇವಿಕಾನ್. ತಮಾಷೆಯೆಂದರೆ, ಅದು ಹುಟ್ಟಿದ್ದು ಟ್ಯಾಬ್‌ಗಳಿಗಾಗಿ ಅಲ್ಲ.

1999ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಬಂತು. ನೆಚ್ಚಿನ ತಾಣಗಳ ಪಟ್ಟಿಯಲ್ಲಿ ಒಂದೊಂದು ಹೆಸರಿನ ಪಕ್ಕ ಒಂದೊಂದು ಚಿತ್ರವಿದ್ದರೆ ಚೆನ್ನ ಎಂದುಕೊಂಡ ಭರತ್ ಶ್ಯಾಮ್ ಎಂಬ ಎಂಜಿನಿಯರ್, ಒಂದು ರಾತ್ರಿ ಅದರ ಕೋಡ್ ಬರೆದು, ಆಗಿನ್ನೂ ಕಿರಿಯ ಮ್ಯಾನೇಜರ್ ಆಗಿದ್ದ ರೇ ಸನ್ ಅವರಿಂದ ಒಪ್ಪಿಗೆ ಪಡೆದು ಸೇರಿಸಿಬಿಟ್ಟರು ಎಂಬ ಕಥೆ ವೆಬ್ ಲೋಕದಲ್ಲಿ ಚಾಲ್ತಿಯಲ್ಲಿದೆ. ಪುಟವನ್ನು ಪಟ್ಟಿಗೆ ಸೇರಿಸಿದ ಕೂಡಲೇ ಬ್ರೌಸರ್ ತಾನಾಗಿ ಆ ತಾಣದ ಸರ್ವರಿಗೆ ಹೋಗಿ 'ಫೇವಿಕಾನ್.ಐಸಿಒ' ಎಂಬ ಫೈಲ್ ಕೇಳುತ್ತಿತ್ತು. ಇದರ ಸುಳಿವೇ ಇಲ್ಲದ ತಾಣಗಳ ಲಾಗ್‌ಗಳಲ್ಲಿ '404' ದೋಷಗಳ ಸಾಲು! ಕೆಲವರು ಅದನ್ನೇ ಎಣಿಸಿ, ತಮ್ಮ ತಾಣವನ್ನು ಎಷ್ಟು ಜನ ಗುರುತು ಹಾಕಿಕೊಂಡಿದ್ದಾರೆಂದು ಲೆಕ್ಕ ಹಾಕಿದ್ದೂ ಉಂಟು.

ಆ ಚಿತ್ರದ ಅಳತೆ 16 ಅಡ್ಡ, 16 ಉದ್ದ. ಒಟ್ಟು 256 ಚುಕ್ಕಿ. ಪರದೆಗಳು ದಟ್ಟವಾದಂತೆ ಚುಕ್ಕಿಚಿತ್ರ ಮಸುಕಾಗತೊಡಗಿತು. ಚುಕ್ಕಿಯ ಬದಲು ಗೆರೆಯ ಲೆಕ್ಕವನ್ನೇ ಬರೆದಿಡುವ ಎಸ್‌ವಿಜಿ 2001ರಲ್ಲೇ ವೆಬ್ ಮಾನಕಗಳ ಸಂಸ್ಥೆಯಾದ ಡಬ್ಲ್ಯೂ3ಸಿಯ ಮಾನಕವಾಗಿತ್ತು. ಆದರೂ ಅದು ಟ್ಯಾಬಿನವರೆಗೆ ಬರಲು ವರ್ಷಗಳೇ ಹಿಡಿದವು: ಫೈರ್‌ಫಾಕ್ಸ್‌ಗೆ 2015ರಲ್ಲಿ, ಕ್ರೋಮ್‌ಗೆ 2020ರಲ್ಲಿ.

ಗೆರೆಚಿತ್ರವೆಂದ ಮಾತ್ರಕ್ಕೆ ಫೈಲು ಹಗುರವಾಗಿರುತ್ತದೆ ಎನ್ನುವಂತಿಲ್ಲ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಮಾಡಿದ ಐಕಾನನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಚಿತ್ರಕ್ಕಿಂತ ಬೇರೆ ಸಾಮಗ್ರಿಯೇ ಜಾಸ್ತಿ: ಕಿಟಕಿಯ ಅಳತೆ, ಗ್ರಿಡ್ಡಿನ ಬಣ್ಣ, ಜತೆಗೆ 'ಸೋಡಿಪೋಡಿ' ಎಂಬ ಪದ. ಇಂಕ್‌ಸ್ಕೇಪ್ 2003ರಲ್ಲಿ ಕವಲೊಡೆದು ಬಂದದ್ದು ಆ ಹೆಸರಿನ ತಂತ್ರಾಂಶದಿಂದ. ಮನೆತನದ ಹೆಸರು ಇನ್ನೂ ಫೈಲಿನಲ್ಲಿ ಉಳಿದಿದೆ. ಎಸ್‌ವಿಜಿಒ ಎಂಬ ಸಾಧನ ಇದನ್ನೆಲ್ಲ ಗುಡಿಸುತ್ತದೆ, ಏಳೆಂಟು ದಶಾಂಶ ಸ್ಥಾನಗಳ ಅಂಕಿಗಳನ್ನು ಮೊಟಕುಗೊಳಿಸುತ್ತದೆ. ಆದರೆ ಅಂಕಿಯನ್ನು ತೀರಾ ಕತ್ತರಿಸಿದರೆ ದುಂಡಗಿನ ಗೆರೆ ಸೊಟ್ಟಗಾಗುತ್ತದೆ. ಚೌಕಟ್ಟಿನ ಲೆಕ್ಕ ಹೇಳುವ 'ವ್ಯೂಬಾಕ್ಸ್' ಅಳಿಸಿಹೋದರಂತೂ ಚಿತ್ರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಸಾಧನಕ್ಕೆ ನಿಲುಕದ ಕೆಲಸವೂ ಇದೆ. 16ರ ಚೌಕದಲ್ಲಿ ಒಂದು ಪಿಕ್ಸೆಲ್ ದಪ್ಪದ ಗೆರೆಯ ನಡುವನ್ನು 8ರ ಮೇಲಿಟ್ಟರೆ, ಅದು ಅತ್ತ ಅರ್ಧ ಇತ್ತ ಅರ್ಧ ಹಂಚಿಹೋಗಿ ಎರಡು ಬೂದು ಪಟ್ಟಿಯಾಗುತ್ತದೆ. 8.5ಕ್ಕೆ ಸರಿಸಿದರೆ ಒಂದೇ ಕಪ್ಪು ಗೆರೆ. ಕನ್ನಡ ಅಕ್ಷರವನ್ನು ಐಕಾನ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಅಕ್ಷರವನ್ನು ಪಠ್ಯವಾಗಿಯೇ ಬಿಟ್ಟರೆ ನೋಡುವವರ ಯಂತ್ರದಲ್ಲಿರುವ ಫಾಂಟಿನ ಪಾಲಾಗುತ್ತದೆ, ಹಾಗಾಗಿ ಅದನ್ನು ಆಕಾರಕ್ಕೆ ಬದಲಿಸಲೇಬೇಕು. 'ಕ' ಹೇಗೋ ಬದುಕುತ್ತದೆ; ಒತ್ತಕ್ಷರ ಸೇರಿದರೆ ಅದು ಬರಿಯ ಕಲೆ.

ಕಪ್ಪು ಥೀಮಿನಲ್ಲಿ ಬಣ್ಣ ಬದಲಿಸುವ ಸಾಲುಗಳನ್ನು ಎಸ್‌ವಿಜಿ ಒಳಗೇ ಬರೆಯಬಹುದು, ಅದೊಂದು ಅನುಕೂಲ. ಆಪಲ್‌ನ ಸಫಾರಿ ಮಾತ್ರ ಬಹುಕಾಲ ಹಿಂದೇಟು ಹಾಕಿ, 2025ರ 26ನೇ ಆವೃತ್ತಿಯಲ್ಲಿ ಎಸ್‌ವಿಜಿ ಫೇವಿಕಾನನ್ನು ಒಪ್ಪಿಕೊಂಡಿತು. ಹಳೆಯ ಫೋನುಗಳು ಇನ್ನೂ ಬಳಕೆಯಲ್ಲಿರುವುದರಿಂದ, ಜಾಣ ವಿನ್ಯಾಸಕಾರರು ಎಸ್‌ವಿಜಿಯ ಪಕ್ಕದಲ್ಲೇ 32 ಪಿಕ್ಸೆಲ್‌ನ ಐಸಿಒ ಫೈಲನ್ನೂ ಇಟ್ಟಿರುತ್ತಾರೆ.