ಮಂಗಳೂರು ಯಾರ ಹೊರವಲಯ?

ನಿವೇಶನ ಮಾರುವವರ ಜಾಹೀರಾತಿನಲ್ಲಿ ಬಂಟ್ವಾಳ ಈಗ ಮಂಗಳೂರಿನ ಹೊರವಲಯ. ಪ್ರವಾಸದ ಕರಪತ್ರದಲ್ಲಿ ಮೂಡುಬಿದಿರೆ ಅರ್ಧ ದಿನದ ನಿಲುಗಡೆ. ಬೆಳ್ತಂಗಡಿಯಾದರೋ ಧರ್ಮಸ್ಥಳದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುವ ಪೇಟೆ. ಮೂರನ್ನೂ ಅಳೆಯುವುದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ: ಒಂದಕ್ಕೆ ಸುಮಾರು 25 ಕಿ.ಮೀ., ಇನ್ನೊಂದಕ್ಕೆ 35, ಮತ್ತೊಂದಕ್ಕೆ 60. ದೊಡ್ಡ ಊರನ್ನು ನಡುವಿಗಿಟ್ಟು ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸುವ ಈ ಲೆಕ್ಕ ಬೆಂಗಳೂರಿಗೆ ಸರಿಹೊಂದೀತು. ನೇತ್ರಾವತಿ, ಫಲ್ಗುಣಿ ನದಿಗಳ ಈ ಸೀಮೆಗೆ ಹೊಂದುವುದಿಲ್ಲ. ಮಂಗಳೂರು ಹಳೆಯ ಊರಲ್ಲವೆಂದಲ್ಲ, ಆಳುಪರ ಕಾಲದಿಂದಲೂ ಅದಕ್ಕೆ ಹೆಸರಿದೆ. ಆದರೆ ಅದು ಬಂದರು. ಬಂದರು ಬದುಕುವುದು ತನ್ನ ಬೆನ್ನ ಹಿಂದಿನ ನಾಡಿನಿಂದ. ಆ ನಾಡಿನ ಕಡೆಯಿಂದ ನೋಡಿದರೆ ತುದಿಯಲ್ಲಿರುವುದು ಬಂಟ್ವಾಳವೂ ಅಲ್ಲ, ಬೆಳ್ತಂಗಡಿಯೂ ಅಲ್ಲ, ಮಂಗಳೂರೇ.

ಮೊದಲು ನೆಲದ ಮೇಲಿನ ಸಾಕ್ಷ್ಯ. ಬಯಲುಸೀಮೆಯ ಊರಿಗೆ ಅಂಚು ಎಂಬುದಿದೆ: ಮನೆಗಳು ಒತ್ತೊತ್ತಾಗಿ ಒಂದೆಡೆ, ಹೊಲ ಆಚೆ. ತುಳುನಾಡಿನಲ್ಲಿ ಮನೆ ತೋಟದೊಳಗೇ ಇರುತ್ತದೆ. ಬೈಲಿನ ಗದ್ದೆ, ಅದರ ಮಗ್ಗುಲಿನ ಅಡಿಕೆ ತೋಟ, ಮೇಲೆ ಗುಡ್ಡೆ, ನಡುನಡುವೆ ದೂರದೂರಕ್ಕೆ ಒಂದೊಂದು ಮನೆ. ಇಂಥ ನಾಡಿನಲ್ಲಿ ಜನ ಒಟ್ಟುಸೇರುವ ಜಾಗವೆಂದರೆ ರಸ್ತೆಗಳು ಕೂಡುವಲ್ಲಿನ ಪೇಟೆ. ಹತ್ತು ಅಂಗಡಿ, ಒಂದು ಹೋಟೆಲು, ಒಂದು ಸಹಕಾರಿ ಸಂಘ, ರಿಕ್ಷಾ ಪಾರ್ಕು ಇದ್ದರೆ ಸಾಕು, ಅದು ಪೇಟೆ. ಪಡೀಲ್ ದಾಟಿದ ಮೇಲೆ ಕಣ್ಣೂರು, ಅಡ್ಯಾರ್, ವಳಚ್ಚಿಲ್, ಫರಂಗಿಪೇಟೆ, ತುಂಬೆ, ಕೈಕಂಬ ಎಂದು ಒಂದರ ಹಿಂದೆ ಒಂದು ಬರುವ ಈ ಪೇಟೆಗಳಲ್ಲಿ ನಗರ ಎಲ್ಲಿ ಮುಗಿಯಿತು ಎಂದು ಬೊಟ್ಟುಮಾಡಿ ತೋರಿಸಲು ಆಗುವುದಿಲ್ಲ. ನಗರ ಇಷ್ಟು ದೂರ ಹಬ್ಬಿತಲ್ಲ ಎಂದು ಪರವೂರಿನವರಿಗೆ ಅನ್ನಿಸುತ್ತದೆ. ಹೆದ್ದಾರಿ ಅಗಲವಾದ ಮೇಲೆ ಅಪಾರ್ಟ್‌ಮೆಂಟುಗಳು ಎದ್ದಿವೆ, ಕಾಲೇಜುಗಳು ಬಂದಿವೆ, ನಿಜ. ಆದರೆ ಈ ಸರಣಿಯ ಹಳೆಯ ಪೇಟೆಗಳನ್ನು ಮಂಗಳೂರು ಕಟ್ಟಲಿಲ್ಲ. ಅವನ್ನು ಕಟ್ಟಿದ್ದು ಘಟ್ಟದಿಂದ ಕಡಲಿಗೆ ಇಳಿಯುತ್ತಿದ್ದ ಸರಕು.

ಆ ಸರಕಿನ ಕಥೆಗೆ ಬಂಟ್ವಾಳಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಘಟ್ಟದ ಮೇಲಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದು ಇಲ್ಲಿ ದೋಣಿಗೆ ಏರುತ್ತಿತ್ತು, ನೇತ್ರಾವತಿಯ ಹರಿವಿನೊಡನೆ ಮಂಗಳೂರಿನ ಧಕ್ಕೆಗೆ ಇಳಿಯುತ್ತಿತ್ತು. ಉಪ್ಪು, ಒಣಮೀನು ಅದೇ ದಾರಿಯಲ್ಲಿ ಮೇಲೆ ಬರುತ್ತಿದ್ದವು. ನದಿಗೆ ಒತ್ತಿಕೊಂಡ ಉದ್ದನೆಯ ಒಂದೇ ಬೀದಿ, ಎರಡೂ ಬದಿಗೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ, ನಡುವೆ ಕೊಂಕಣಿಗರ ವೆಂಕಟರಮಣ ದೇವಸ್ಥಾನ. ಹಳೆಪೇಟೆಯ ಈ ವಿನ್ಯಾಸವೇ ದೋಣಿ ವ್ಯಾಪಾರದ ದಾಖಲೆ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯದು ಕನ್ನಡ ಎಂಬಂಥ ಪೇಟೆಯಿಂದ ಕನ್ನಡದ ಮಕ್ಕಳ ಸಾಹಿತ್ಯ ಮೊಳೆತದ್ದು ಆಕಸ್ಮಿಕವೆಂದು ತೋರುವುದಿಲ್ಲ. ಪೇಟೆಯನ್ನು ಸಾಕಿದ ನದಿಯೇ ಅದನ್ನು ಮುಳುಗಿಸಿತು ಕೂಡ. 1923 ಮತ್ತು 1974ರ ನೆರೆಗಳು ಇವತ್ತಿಗೂ ಇಲ್ಲಿ ಕಾಲಗಣನೆಯ ಗುರುತುಗಳು. ಆದರೆ ಹಳೆಪೇಟೆಯನ್ನು ಬಡವಾಗಿಸಿದ್ದು ನೆರೆಯೊಂದೇ ಅಲ್ಲ. ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಸೇತುವೆಯಾಗಿ, ಲಾರಿ–ಬಸ್ಸುಗಳು ಬಂದು, ವ್ಯಾಪಾರ ನದಿಯನ್ನು ಬಿಟ್ಟು ರಸ್ತೆ ಹಿಡಿದಾಗ, ಬಂಟ್ವಾಳಕ್ಕೆ ತಿರುಗುವ ಅಡ್ಡರಸ್ತೆಯೇ ಬೆಳೆದು ಬಿ.ಸಿ. ರೋಡ್ ಆಯಿತು. ತಾಲೂಕು ಕಚೇರಿ, ರೈಲು ನಿಲ್ದಾಣ, ಬಸ್ಸುಗಳ ಗದ್ದಲ ಎಲ್ಲವೂ ಅಲ್ಲಿಗೇ. ಇವತ್ತು ಬಂಟ್ವಾಳ ನೋಡಿದೆ ಎನ್ನುವ ಅನೇಕರು ನೋಡಿರುವುದು ಬಿ.ಸಿ. ರೋಡಿನ ಮೇಲ್ಸೇತುವೆಯನ್ನು ಮಾತ್ರ.

ಮೂಡುಬಿದಿರೆಯದು ಬೇರೆ ಬಗೆಯ ಸಾಕ್ಷ್ಯ. ಒಳನಾಡಿನ ಈ ಊರಿನಲ್ಲಿ 18 ಬಸದಿಗಳಿವೆ. ಅವುಗಳಲ್ಲಿ ದೊಡ್ಡದಾದ ಸಾವಿರ ಕಂಬದ ಬಸದಿ 1430ರದ್ದು. ಅದರ ಪೀಠದ ಕೆತ್ತನೆಗಳಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಕಡಲಿನಿಂದ ಇಷ್ಟು ಒಳಗಿರುವ ಶಿಲ್ಪಿಗೆ ಈ ಪ್ರಾಣಿಗಳ ಸುದ್ದಿ ಹೇಗೆ ಮುಟ್ಟಿತು ಎಂದು ಕೇಳಿದರೆ ಮೆಣಸಿನ ವ್ಯಾಪಾರ ನೆನಪಾಗುತ್ತದೆ. ಬಸದಿಗಳಿಗೆ ಹಣ ಸುರಿದವರಲ್ಲಿ ಅರಸರಷ್ಟೇ ಸೆಟ್ಟಿಗಳೂ ಇದ್ದರು. ಜೈನರ ಪ್ರಾಚೀನ ಗ್ರಂಥವಾದ ಷಟ್ಖಂಡಾಗಮದ ಧವಲ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಇದೇ ಊರಿನಲ್ಲಿ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು 1939ರಿಂದ ಅಚ್ಚಾಗತೊಡಗುವವರೆಗೆ ಉತ್ತರ ಭಾರತದ ವಿದ್ವಾಂಸರ ಕಣ್ಣು ಮೂಡುಬಿದಿರೆಯ ಮೇಲೆ ನೆಟ್ಟಿತ್ತು. ‘ಭರತೇಶ ವೈಭವ’ದ ರತ್ನಾಕರವರ್ಣಿ ಇಲ್ಲಿಯವನು. ಉಳ್ಳಾಲದ ರಾಣಿ ಅಬ್ಬಕ್ಕನ ಚೌಟ ಮನೆತನದ ಅರಮನೆ, ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗುವ ಆ ಪ್ರಸಿದ್ಧ ಕೆತ್ತನೆಯ ಸಮೇತ, ಇಲ್ಲಿಯೇ ಇದೆ. ಅಂದರೆ ಕಡಲ ತಡಿಯ ಉಳ್ಳಾಲವೂ ಘಟ್ಟದ ಕಡೆಯ ಮೂಡುಬಿದಿರೆಯೂ ಒಂದೇ ಮನೆತನದ ಕೈಯಲ್ಲಿದ್ದವು. ಇದೊಂದೇ ಅಲ್ಲ. ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲೂ ನಂದಾವರದಲ್ಲೂ ಬಂಗರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು. ನಾಲ್ಕು ಹೆಜ್ಜೆಗೊಂದು ಪಟ್ಟ. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಹೊರಟಾಗ ಕಾರ್ಕಳದ ಅರಸನಿಗೆ ಹೊಟ್ಟೆಕಿಚ್ಚಾಗಿ ಜಗಳವಾಯಿತೆಂದು ಐತಿಹ್ಯ ಹೇಳುತ್ತದೆ. ನಿಜವೋ ಕಟ್ಟುಕಥೆಯೋ, ಆ ಜಗಳದಲ್ಲಿ ಮಂಗಳೂರಿಗೆ ಪಾತ್ರವೇ ಇಲ್ಲ ಎಂಬುದನ್ನು ಗಮನಿಸಬೇಕು. ಮಂಗಳೂರು ಈ ಒಳನಾಡಿನ ಕಥೆಯೊಳಗೆ ಜೋರಾಗಿ ಬರುವುದು 1837ರ ಏಪ್ರಿಲ್‌ನಲ್ಲಿ. ಸುಳ್ಯದ ಕಡೆಯಿಂದ ಹೊರಟ ಬಂಡಾಯದ ದಂಡು ಪಾಣೆಮಂಗಳೂರು ಹಾದು, ನಂದಾವರದ ಲಕ್ಷ್ಮಪ್ಪ ಬಂಗರಸನನ್ನೂ ಕೂಡಿಕೊಂಡು, ಈಸ್ಟ್ ಇಂಡಿಯಾ ಕಂಪೆನಿಯ ಕೈಯಿಂದ ಪಟ್ಟಣವನ್ನು ಕಸಿದು ಸುಮಾರು ಎರಡು ವಾರ ಇಟ್ಟುಕೊಂಡಿತ್ತು.

ಬೆಳ್ತಂಗಡಿಯಲ್ಲಿ ವೈವಿಧ್ಯದ ಬಗೆ ಇನ್ನೂ ಬೇರೆ. ಧರ್ಮಸ್ಥಳದ ಬಗ್ಗೆ ಇಲ್ಲಿ ಹೆಚ್ಚು ಬರೆಯಬೇಕಿಲ್ಲ, ಅದು ತಾಲೂಕಿನ ಉಳಿದೆಲ್ಲವನ್ನೂ ಮರೆಸುವಷ್ಟು ಪರಿಚಿತ. ಮರೆಯಾದದ್ದೇ ಹೆಚ್ಚು ಕುತೂಹಲದ್ದು. ಘಟ್ಟದ ಬುಡದ ಕಾಡಿನಲ್ಲಿ ಮಲೆಕುಡಿಯರಿದ್ದಾರೆ. ಮುಂಡಾಜೆಯ ಕಡೆ ಚಿತ್ಪಾವನಿ ಮಾತಾಡುವ ತೋಟದ ಮನೆಗಳಿವೆ. ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರ್ ಹಾಕಿದ ಸಿರಿಯನ್ ಕ್ರೈಸ್ತರ ಸಂಖ್ಯೆ ಎಷ್ಟು ಬೆಳೆಯಿತೆಂದರೆ 1999ರಲ್ಲಿ ಬೆಳ್ತಂಗಡಿಯೇ ಸೀರೋ–ಮಲಬಾರ್ ಸಭೆಯ ಒಂದು ಧರ್ಮಪ್ರಾಂತ್ಯವಾಯಿತು. ಕಾಜೂರಿನಲ್ಲಿ ದರ್ಗಾ, ಸುರ್ಯದ ಸದಾಶಿವನಿಗೆ ಮಣ್ಣಿನ ಬೊಂಬೆಗಳ ಹರಕೆ, ನೆತ್ತಿಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲು. ಈ ಜನರಾರೂ ಮಂಗಳೂರಿನ ಆಕರ್ಷಣೆಯಿಂದ ಇಲ್ಲಿಗೆ ಬಂದು ನೆಲೆಸಿದವರಲ್ಲ. ಒಬ್ಬರನ್ನು ಕಾಡು ಹಿಡಿದಿಟ್ಟಿತು, ಒಬ್ಬರನ್ನು ತೋಟ ಕರೆಯಿತು, ಮತ್ತೊಬ್ಬರನ್ನು ಘಟ್ಟದ ದಾರಿ ತಂದಿತು. ಮಹಾನಗರಗಳ ಹೊರಬಡಾವಣೆಗಳಲ್ಲಿ ನಾನಾ ಭಾಷೆಯವರು ಸೇರುವುದು ನಗರದ ಕೂಲಿಗಾಗಿ, ನಗರದ ಬಾಡಿಗೆ ಕಟ್ಟಲಾಗದ್ದಕ್ಕಾಗಿ. ಇಲ್ಲಿ ಬ್ಯಾರಿ, ಕೊಂಕಣಿ, ಹವ್ಯಕ, ಮಲಯಾಳ, ತುಳು ಪಕ್ಕಪಕ್ಕದಲ್ಲಿ ನೆಲೆಸಲು ನಗರ ಕಾರಣವೇ ಅಲ್ಲ. ವಾದಕ್ಕೆ ಇದು ಮುಖ್ಯವಾದದ್ದು, ಏಕೆಂದರೆ ನಗರ ತರದ ವೈವಿಧ್ಯವನ್ನು ನಗರದ ಹೊರವಲಯವೆಂಬ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳಲಾಗದು.

ಇದೆಲ್ಲ ಚರಿತ್ರೆ, ಇವತ್ತಿನ ಲೆಕ್ಕ ಹೇಳಿ ಎನ್ನುವವರಿಗೆ ನೀರನ್ನು ತೋರಿಸಬಹುದು. ಮಂಗಳೂರಿನ ನಲ್ಲಿಯಲ್ಲಿ ಬರುವ ನೀರು ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನದು. ಅದಕ್ಕೂ ಮೇಲೆ ಸರಪಾಡಿಯಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರಕ್ಕೆ ನೀರೆತ್ತುವ ಅಣೆಕಟ್ಟು, ಶಂಭೂರಿನಲ್ಲಿ ವಿದ್ಯುತ್ತಿಗಾಗಿ ಇನ್ನೊಂದು. ಮಳೆಗಾಲದಲ್ಲಿ ಮನೆಯಂಗಳಕ್ಕೆ ಬರುವ ನದಿ ಮಾರ್ಚ್ ಕಳೆಯುವಷ್ಟರಲ್ಲಿ ಕಲ್ಲುಗಳ ನಡುವೆ ಸೊರಗಿರುತ್ತದೆ. 2016ರ ಮತ್ತು 2019ರ ಬೇಸಗೆಗಳಲ್ಲಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. 2016ರಲ್ಲಿ ಶುದ್ಧೀಕರಣಾಗಾರದ ಘಟಕಗಳೇ ನಿಂತವು. ಆ ವಾರಗಳಲ್ಲಿ ಮಂಗಳೂರಿನ ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತಿದ್ದದ್ದು ತುಂಬೆಯ ನೀರಿನ ಮಟ್ಟವನ್ನು. ತುಂಬೆಯಲ್ಲಿ ನೀರಿನ ಮಟ್ಟ ಏರಿಸಿದಾಗ ಮುಳುಗುವುದು ಮೇಲಿನ ಸಜೀಪ, ಪಾಣೆಮಂಗಳೂರು ಕಡೆಯ ರೈತರ ಜಮೀನು. ಪರಿಹಾರ ಕೇಳಿ ಅವರು ಪಾಲಿಕೆಯ, ಜಿಲ್ಲಾಡಳಿತದ ಬಾಗಿಲು ತಟ್ಟಿದ್ದಾರೆ. ಮತ್ತೂ ಮೇಲೆ ಹೋದರೆ ನದಿಗೆ ನೀರು ಕೂಡಿಸುವ ಹಳ್ಳಗಳಲ್ಲಿ ಹಲವು ಬೆಳ್ತಂಗಡಿಯ ಘಟ್ಟದ ಮಗ್ಗುಲಿನವು. 2019ರ ಆಗಸ್ಟ್‌ನಲ್ಲಿ ಆ ಗುಡ್ಡಗಳು ಜರಿದು, ಹೊಳೆಗಳು ದಿಕ್ಕು ತಪ್ಪಿ, ಚಾರ್ಮಾಡಿ ಘಾಟಿ ಮುಚ್ಚಿಹೋದಾಗ ಅದು ದೂರದ ಮಲೆನಾಡಿನ ಸುದ್ದಿ ಎಂಬಂತೆ ನಗರ ಓದಿತು. ಸಕಲೇಶಪುರದ ಕಡೆಯ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ವಿರುದ್ಧ ಮಂಗಳೂರು ಜೋರಾಗಿಯೇ ದನಿಯೆತ್ತಿದೆ, ಎತ್ತಬೇಕಾದದ್ದೇ. ಆದರೆ ನದಿಯ ಮೇಲ್ಭಾಗದವರ ನೀರನ್ನು ದೊಡ್ಡ ಊರು ಒಯ್ಯುತ್ತದೆ ಎಂಬ ದೂರು ಸಜೀಪದ ರೈತನದೂ ಹೌದು. ಅವನ ಸಭೆಗೆ ಅಷ್ಟು ಜನ ಸೇರುವುದಿಲ್ಲ, ಅಷ್ಟೆ.

ಈಗ ಎದುರಾಗುವ ಮೊದಲ ಆಕ್ಷೇಪ: ಜನ ಹೋಗುವುದು ಎತ್ತ? ಬೆಳಗಿನ ಬಸ್ಸುಗಳು ತುಂಬಿ ಹರಿಯುವುದು ಮಂಗಳೂರಿನತ್ತ. ದೊಡ್ಡ ಆಸ್ಪತ್ರೆ ಅಲ್ಲಿ, ವಿಮಾನ ಆ ಕಡೆಯಿಂದ. ಈ ತಾಲೂಕುಗಳ ಸಾವಿರಾರು ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಬ್ರಾಂಚಿಗೆ ಒಯ್ದು ಕೊಡುತ್ತಾರೆ. ಎಲೆ ಮತ್ತು ಹೊಗೆಸೊಪ್ಪು ಕಂಪೆನಿಯದು, ಕಂಪೆನಿಯ ಪೇಟೆ ಮಂಗಳೂರು. ಅಡಿಕೆಗೆ ದರ ನಿಂತುಕೊಳ್ಳಲೆಂದು 1973ರಲ್ಲಿ ಕಟ್ಟಿದ ಕ್ಯಾಂಪ್ಕೊದ ಮುಖ್ಯ ಕಚೇರಿಯೂ ಅಲ್ಲಿಯೇ. ಇದು ಅವಲಂಬನೆ, ಅಲ್ಲವೆನ್ನಲು ಆಗದು. ಆದರೆ ಅವಲಂಬನೆ ಒಂದೇ ದಿಕ್ಕಿನದಲ್ಲ. ಬೀಡಿ ಕಟ್ಟುವ ಬೆರಳುಗಳೂ ಅಡಿಕೆ ಬೆಳೆಯುವ ತೋಟಗಳೂ ಇಲ್ಲದಿದ್ದರೆ ಆ ಕಚೇರಿಗಳಿಗೆ ಕೆಲಸವೇನು? ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಬೆಳೆದ ‘ಮಂಗಳ’ ಅಡಿಕೆ ತಳಿ ರಾಜ್ಯದಾಚೆಗೂ ಹೋಯಿತು. 1966ರಲ್ಲಿ ಕಾಲೇಜು ಕಂಡ ಉಜಿರೆ ಮತ್ತು ಈಚಿನ ದಶಕಗಳ ಮೂಡುಬಿದಿರೆ ಘಟ್ಟದ ಮೇಲಿನ ಜಿಲ್ಲೆಗಳಿಂದ ಮಕ್ಕಳನ್ನು ಎಳೆಯುತ್ತಿವೆ. ಆ ಮಕ್ಕಳಲ್ಲಿ ಅನೇಕರಿಗೆ ಕರಾವಳಿಯೆಂದರೆ ಮೊದಲು ಹಾಸ್ಟೆಲಿನ ಊರು, ಆಮೇಲೆ ಮಂಗಳೂರು. ಮೂಡುಬಿದಿರೆಯಲ್ಲಿ 2004ರಲ್ಲಿ ಶುರುವಾದ ಆಳ್ವಾಸ್ ನುಡಿಸಿರಿ ಸಮ್ಮೇಳನಕ್ಕೆ ಮಂಗಳೂರಿನವರು ಬಸ್ಸು ಹತ್ತಿ ಹೋಗುತ್ತಿದ್ದರು. ಸಂಜೆಯ ಹೊತ್ತು ಕಾರು ಹತ್ತಿ ಕಲ್ಲಡ್ಕದವರೆಗೆ ಹೋಗಿ ಹಾಲು–ಡಿಕಾಕ್ಷನ್ ಬೇರೆ ಬೇರೆ ಪದರವಾಗಿ ನಿಲ್ಲುವ ಕೆ.ಟಿ. ಚಹಾ ಕುಡಿದು ಬರುವವರನ್ನೂ ಈ ಲೆಕ್ಕಕ್ಕೆ ಸೇರಿಸಬಹುದು, ಬೇಕಿದ್ದರೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಹೀಗೆ ಭಾಷೆ–ಮತಗಳ ಪಟ್ಟಿ ಕೊಟ್ಟರೆ ಓದುವವರಿಗೆ ಸೌಹಾರ್ದದ ಚಿತ್ರ ಕಾಣುತ್ತದೆ. ನಿಜದಲ್ಲಿ ಇದೇ ಬಂಟ್ವಾಳ ತಾಲೂಕು 2017ರಲ್ಲಿ ಕಲ್ಲಡ್ಕದ ಘರ್ಷಣೆಗಳಿಂದ ವಾರಗಟ್ಟಲೆ ನಿಷೇಧಾಜ್ಞೆಯಲ್ಲಿತ್ತು. ಪೇಟೆಯಲ್ಲಿ ಅಂಗಡಿಗಳು ಪಕ್ಕಪಕ್ಕದಲ್ಲಿವೆ, ಊಟದ ಮನೆಗಳು ಹಾಗಿಲ್ಲ. ಇದನ್ನು ಮುಚ್ಚಿಟ್ಟು ಬರೆದ ಪ್ರವಾಸದ ಬರಹ ಸುಳ್ಳಾಗುತ್ತದೆ. ಆದರೆ ಹೊರವಲಯ ಎಂಬ ನೋಟ ಈ ಸಂಕಟಕ್ಕೂ ಉತ್ತರವಾಗುವುದಿಲ್ಲ. ಗಲಾಟೆಯಾದಾಗ ಕಲ್ಲಡ್ಕ ಎಂಬ ಹೆಸರು ಇಡೀ ರಾಜ್ಯಕ್ಕೆ ತಿಳಿಯುತ್ತದೆ, ಉಳಿದ ದಿನಗಳಲ್ಲಿ ಆ ಪೇಟೆ ಹೇಗೆ ನಡೆಯುತ್ತದೆಂದು ಯಾರೂ ಕೇಳುವುದಿಲ್ಲ. ಅಡಿಕೆ ಬೆಳೆದವನು ಒಬ್ಬ, ಕೊಳ್ಳುವವನು ಇನ್ನೊಬ್ಬ, ಸಾಗಿಸುವವನು ಮತ್ತೊಬ್ಬ. ಮೂವರ ಮತ ಬೇರೆ, ವ್ಯವಹಾರ ತುಳುವಿನಲ್ಲಿ. ಈ ವ್ಯವಹಾರವನ್ನು ದೊಡ್ಡದು ಮಾಡಿ ಹಾಡಬೇಕಿಲ್ಲ, ಅದು ಪ್ರೀತಿಯಲ್ಲ, ಅಗತ್ಯ. ಆದರೆ ಅಗತ್ಯ ಎಲ್ಲಿ ಹರಿದಿದೆ, ಎಲ್ಲಿ ಉಳಿದಿದೆ ಎಂಬುದು ಪೇಟೆಯನ್ನು ಪೇಟೆಯಾಗಿ ನೋಡಿದವರಿಗೆ ಮಾತ್ರ ತಿಳಿದೀತು.

ನೋಡುವುದಾದರೆ ದಾರಿಯೂ ಇದೆ, ಮಂಗಳೂರಿಗೆ ಕಾಲಿಡದ ದಾರಿ. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆ. ಅಲ್ಲಿಂದ ವೇಣೂರು, ಗುರುವಾಯನಕೆರೆ ಹಾದು ಬೆಳ್ತಂಗಡಿ. ಮರಳಿ ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗದ ಮೇಲೆ ಬಂಟ್ವಾಳ. ವಗ್ಗದಿಂದ ಸ್ವಲ್ಪ ಒಳಹೊಕ್ಕರೆ ಕಾರಿಂಜದ ಬಂಡೆಯ ಮೇಲಿನ ದೇವಸ್ಥಾನ. ಈ ತ್ರಿಕೋನದ ಎರಡು ಮಗ್ಗುಲುಗಳಿಗೆ ರಾಷ್ಟ್ರೀಯ ಹೆದ್ದಾರಿಯ ಭಾಗ್ಯವಿಲ್ಲ. ಮಂಗಳೂರಿಗೆ ನೆಟ್ಟಗೆ ಇಳಿಯುವ 73 ಮತ್ತು 169ನೇ ರಾಷ್ಟ್ರೀಯ ಹೆದ್ದಾರಿಗಳಿಗೆ ಹಣವೂ ಸಿಗುತ್ತದೆ, ಅಗಲವೂ ಸಿಗುತ್ತದೆ; ಒಂದು ಪೇಟೆಯನ್ನು ಇನ್ನೊಂದಕ್ಕೆ ಜೋಡಿಸುವ ಅಡ್ಡರಸ್ತೆ ಹಾಗೇ ಉಳಿಯುತ್ತದೆ. ಮೂಡುಬಿದಿರೆ ತಾಲೂಕಾಗಿ ನಡೆಯತೊಡಗಿದ್ದೇ 2018ರಲ್ಲಿ, ಅದುವರೆಗೆ ಅದು ಮಂಗಳೂರು ತಾಲೂಕಿನೊಳಗೇ ಇತ್ತು. ಅಡ್ಡರಸ್ತೆಗಳಲ್ಲಿ ಓಡುವ ಬಸ್ಸುಗಳು ಹೆಚ್ಚಾಗಿ ಖಾಸಗಿಯವರವು, ಆದ್ದರಿಂದ ಸರ್ಕಾರಿ ಬಸ್ಸುಗಳಿಗಷ್ಟೇ ಅನ್ವಯಿಸುವ 2023ರ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಈ ಕಡೆಯ ಹೆಂಗಸರಿಗೆ ಅಷ್ಟಾಗಿ ದಕ್ಕಲಿಲ್ಲ. ಹೊರವರ್ತುಲ ರಸ್ತೆ ಬೇಕೆಂದು ಮಂಗಳೂರು ಆಗಾಗ ಕೇಳುತ್ತದೆ, ತನ್ನ ಲಾರಿಗಳ ಸಲುವಾಗಿ. ಸಿದ್ಧಕಟ್ಟೆಯ ರಸ್ತೆ ಅಗಲವಾಗಿ ಸಂಜೆ ಏಳರ ಮೇಲೂ ಅದರಲ್ಲಿ ಬಸ್ಸು ಓಡಿದರೆ ಅದರ ಮೊದಲ ಲಾಭ ಮಂಗಳೂರಿಗಲ್ಲ, ಬಂಟ್ವಾಳದಿಂದ ಮೂಡುಬಿದಿರೆಯ ಕಾಲೇಜಿಗೆ ಹೋಗುವ ಹುಡುಗಿಗೆ ಮತ್ತು ವೇಣೂರಿನ ಅಡಿಕೆ ವ್ಯಾಪಾರಿಗೆ.