ಬಿ12: ಸರಾಸರಿಯಲ್ಲಿ ಮರೆಯಾಗುವ ಕೊರತೆ

ಅಂಗಾಲು ಉರಿ, ಬೆರಳ ತುದಿಯಲ್ಲಿ ಜೋಮು, ಮೆಟ್ಟಿಲು ಹತ್ತಿದರೆ ಏದುಸಿರು, ಖಾರ ತಾಗಿದರೆ ಉರಿಯುವ ಕೆಂಪು ನಾಲಿಗೆ. ಐವತ್ತು ದಾಟಿದವರು ಹೀಗೆಂದರೆ ಮನೆಯವರು ‘ವಯಸ್ಸಾಯ್ತಲ್ಲ’ ಅನ್ನುತ್ತಾರೆ. ಸಕ್ಕರೆ ಕಾಯಿಲೆಯಿದ್ದರೆ ತಪ್ಪೆಲ್ಲ ಅದರ ತಲೆಗೆ. ಬಿ12 ಜೀವಸತ್ವದ ಕೊರತೆಯೂ ಕಾರಣವಿರಬಹುದು ಎಂಬುದು ಹೊಳೆಯುವುದೇ ಇಲ್ಲ.

ಬಿ12 ತಯಾರಿಸುವುದು ಸೂಕ್ಷ್ಮಜೀವಿಗಳು ಮಾತ್ರ. ಹಸುವಿನ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ತಯಾರಿಸಿದ್ದು ಹಾಲಿಗೆ ಇಳಿಯುತ್ತದೆ. ಮಾಂಸ, ಮೀನು, ಮೊಟ್ಟೆಯಲ್ಲೂ ಉಂಟು. ರಾಗಿ, ಬೇಳೆ, ಸೊಪ್ಪು ಎಷ್ಟು ತಿಂದರೂ ಸಿಗದು. ಸಸ್ಯಾಹಾರಿಗಳಿಗೆ ಹಾಲು-ಮೊಸರೇ ಗತಿ. ಕಾಫಿಗೆ ಬೆರೆಸಿದ ನಾಲ್ಕು ಚಮಚ ಹಾಲು ಲೆಕ್ಕಕ್ಕಿಲ್ಲ.

ಬೇಕಾದದ್ದು ದಿನಕ್ಕೆ ಎರಡು ಚಿಲ್ಲರೆ ಮೈಕ್ರೊಗ್ರಾಂ. ಆದರೆ ಮೈಗೆ ಹತ್ತುವ ದಾರಿ ಉದ್ದ. ಜಠರದ ಆಮ್ಲ ಅದನ್ನು ಆಹಾರದಿಂದ ಬಿಡಿಸಬೇಕು. ಜಠರವೇ ಸ್ರವಿಸುವ ಒಂದು ಪ್ರೋಟೀನಿನ ಜೊತೆಗೂಡಿ ಅದು ಸಣ್ಣಕರುಳಿನ ಕೊನೆ ಮುಟ್ಟಬೇಕು. ಹಾಗಾಗಿ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು, ದಿನವೂ ಬಾಡೂಟ ಮಾಡಿದರೂ ಸರಿ. ಯಕೃತ್ತಿನ ದಾಸ್ತಾನು ವರ್ಷಗಳ ಕಾಲ ಸಾಗುವುದರಿಂದ ಕೊರತೆ ಗೊತ್ತಾಗುವುದೂ ತಡ.

ಬಿ12 ಕಡಿಮೆಯಾದರೆ ಕೆಂಪು ರಕ್ತಕಣಗಳು ದೊಡ್ಡದಾಗುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ‘ಎಂಸಿವಿ’ ಎಂಬ ಸಾಲು ಹೇಳುವುದು ಕಣದ ಸರಾಸರಿ ಗಾತ್ರವನ್ನೇ. ನಮ್ಮ ಹೆಂಗಸರಲ್ಲಿ ಸಾಮಾನ್ಯವಾದ ಕಬ್ಬಿಣದ ಕೊರತೆಯಾದರೋ ಕಣವನ್ನು ಕುಗ್ಗಿಸುತ್ತದೆ. ಎರಡೂ ಕೂಡಿದರೆ? ಒಂದು ಹಿಗ್ಗಿಸಿ ಒಂದು ಕುಗ್ಗಿಸಿ, ಸರಾಸರಿ ನಾರ್ಮಲ್! ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ಕೊಟ್ಟರೆ ಮೋಸ ಇನ್ನೂ ದೊಡ್ಡದು. ರಕ್ತಹೀನತೆ ಸುಧಾರಿಸುತ್ತದೆ, ನರಗಳ ಮೇಲ್ಹೊದಿಕೆ ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ. ಆದ್ದರಿಂದ ಅನುಮಾನವಿದ್ದರೆ ಬಿ12 ಪ್ರಮಾಣವನ್ನೇ ಪ್ರತ್ಯೇಕವಾಗಿ ಅಳೆಸಬೇಕು.

ಬಸುರಿ, ಬಾಣಂತಿಯರಲ್ಲಿ ಈ ವಿಷಯ ಉಪೇಕ್ಷಿಸುವಂತಿಲ್ಲ. ತಾಯಿಯಲ್ಲಿ ಕೊರತೆಯಿದ್ದರೆ ಎದೆಹಾಲಿನಲ್ಲೂ ಇರುತ್ತದೆ. ಕಲಿತ ನಗು, ಆಟ ಮರೆತು ಮಂಕಾಗುವ, ಕೈಕಾಲು ಅದುರುವ ಇಂಥ ಕೂಸುಗಳ ಬಗ್ಗೆ ವೆಲ್ಲೂರಿನ ವೈದ್ಯರು 1962ರಲ್ಲೇ ಬರೆದಿದ್ದರು.

ಚಿಕಿತ್ಸೆ ಅಗ್ಗ: ಇಂಜೆಕ್ಷನ್, ಇಲ್ಲವೇ ಮಾತ್ರೆ. 1000 ಮೈಕ್ರೊಗ್ರಾಮಿನ ಮಾತ್ರೆಯಲ್ಲಿ ಸುಮಾರು ಶೇ. 1ರಷ್ಟು ಜಠರದ ಆ ಪ್ರೋಟೀನಿನ ಹಂಗಿಲ್ಲದೆಯೇ ಕರುಳಿನಿಂದ ಒಳಸೇರುತ್ತದೆ, ದಿನದ ಅಗತ್ಯಕ್ಕೆ ಅದು ಧಾರಾಳ. ರಕ್ತ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ನರಗಳಿಗೆ ತಿಂಗಳುಗಳೇ ಬೇಕು. ತೀರಾ ತಡವಾಗಿದ್ದರೆ ಜೋಮು ಪೂರ್ತಿ ಹೋಗದೆಯೂ ಇರಬಹುದು.